ಗೋದಲಿಗೆ ಹುಲ್ಲು, ಪಕ್ಕದ ಮನೆಗೆ ಕಿಡಿಯೊ

ಡಿಸೆಂಬರ್ 20 ದಾಟಿದ ಮೇಲೆ ಕ್ರಿಸ್‌ಮಸ್‌ಗೆಂದು ಪೇಟೆಗೆ ಹೋಗಿ ರೆಡಿಮೇಡ್ ನಕ್ಷತ್ರ, ಪ್ಲಾಸ್ಟಿಕ್ ಮರ ಹೊತ್ತು ತಂದರೆ ಮಕ್ಕಳ ಪಾಲಿಗೆ ಉಳಿಯುವ ಕೆಲಸ ಕೇಕ್ ತಿನ್ನುವುದೊಂದೇ. ಹಬ್ಬಕ್ಕೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರ ಇರುವುದೇ ಕಾಯುವುದಕ್ಕೆ. ಚಿಕ್ಕವರಿಗೆ ಕಾಯುವುದು ತಿಳಿಯಬೇಕಾದರೆ ಕೈಗೆ ಕೆಲಸ ಬೇಕು. ಹಾಗಂತ ಇಲ್ಲಿ ಹೇಳಿದ್ದನ್ನೆಲ್ಲ ಒಂದೇ ವರ್ಷಕ್ಕೆ ಹಚ್ಚಿಕೊಳ್ಳಬೇಡಿ. ಎರಡೋ ಮೂರೋ ಸಾಕು, ಆದರೆ ಪ್ರತಿ ವರ್ಷ ಅವೇ ಇರಲಿ.

ಮೊದಲು ಮೇಣದ ಬತ್ತಿ. ಭಾನುವಾರಕ್ಕೊಂದರಂತೆ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೇ ಭಾನುವಾರಕ್ಕೆ. ನೇರಳೆ ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ಎರಡು ಬೆರಳಗಲ ನೇರಳೆ ರಿಬ್ಬನ್ ಕಟ್ಟಿ, ಬತ್ತಿ ಅಷ್ಟು ಕೆಳಗೆ ಉರಿದು ಬರುವ ಮೊದಲೇ ಬದಲಾಯಿಸಿ. ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಮರಳು ಹಾಕಿ ಬತ್ತಿ ನಿಲ್ಲಿಸಿ, ಸುತ್ತ ಹಸಿರೆಲೆ ಚುಚ್ಚಿ. ಸಮುದ್ರದ ಮರಳಾದರೆ ಮೂರು ನೀರಲ್ಲಿ ತೊಳೆಯದೆ ಬಳಸಬೇಡಿ, ಉಪ್ಪಿಗೆ ಎಲೆ ಬೇಗ ಕಂದುತ್ತದೆ. ಕಾರವಾರದ ಕಡಲ ತಡಿಯ ಗಾಳಿಮರದ ಕೊಂಬೆ ನೋಡಲು ಪೈನ್ ತರಹ ಇರುತ್ತದೆಂದು ಹಲವರು ಮುರಿದು ತರುತ್ತಾರೆ. ಅದು ಒಣಗಿ ಉದುರುವುದಷ್ಟೇ ಅಲ್ಲ, ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಹಲಸಿನ ಎಲೆಯೋ ಸುರಹೊನ್ನೆಯ ಎಲೆಯೋ ದಪ್ಪ, ಬೇಗ ಬಾಡುವುದಿಲ್ಲ. ವಾರಕ್ಕೊಮ್ಮೆ ಬದಲಿಸಿದರಾಯಿತು.

ಪ್ರಾರ್ಥನೆ ಹತ್ತು ನಿಮಿಷ ಮೀರದಿರಲಿ. ಒಬ್ಬರು ಬತ್ತಿ ಹಚ್ಚಬೇಕು, ಒಬ್ಬರು ಬೈಬಲಿನ ನಾಲ್ಕೈದು ವಚನ ಓದಬೇಕು, ಒಂದು ಹಾಡು, ಕೊನೆಗೆ ಎಲ್ಲರಿಗಿಂತ ಚಿಕ್ಕವರು ಊದಿ ಆರಿಸಬೇಕು. ಶಾಲೆಗೆ ಹೋಗುವ ಮಕ್ಕಳು ಲೂಕನ ಮೊದಲೆರಡು ಅಧ್ಯಾಯಗಳನ್ನು ಕನ್ನಡದಲ್ಲೇ ಓದಲಿ. ಮನೆಮಾತು ಕೊಂಕಣಿಯಾದರೆ ಪ್ರಾರ್ಥನೆಯನ್ನು ಮಾತ್ರ ಅಜ್ಜಿ ಹೇಳುವ ಕೊಂಕಣಿಯಲ್ಲೇ ಬಿಡಿ, ಅದು ಪುಸ್ತಕದಿಂದ ಬರುವಂಥದ್ದಲ್ಲ.

ಇನ್ನು ಹುಲ್ಲು. ಇಡೀ ತಯಾರಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಿ. ಬೆಂಕಿಪೊಟ್ಟಣದ ದೊಡ್ಡ ಪ್ಯಾಕಿನಷ್ಟಿರುವ ಖಾಲಿ ತೊಟ್ಟಿಯೊಂದನ್ನು ಮೊದಲ ಭಾನುವಾರವೇ ದೇವರ ಪೀಠದ ಕೆಳಗಿಡಿ. ಪಕ್ಕದ ಡಬ್ಬಿಯಲ್ಲಿ ನಾಲ್ಕು ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲಿರಲಿ. ಕೊಯ್ಲು ಮುಗಿದ ಹೊತ್ತು, ಹುಲ್ಲಿಗೆ ಬರವಿಲ್ಲ. ಆದರೆ ಎರಡು ಬಿಸಿಲು ಕಾಣಿಸದಿದ್ದರೆ ಡಬ್ಬಿಯಲ್ಲೇ ಬೂಷ್ಟು ಹಿಡಿಯುತ್ತದೆ. ಮಗು ಯಾರಿಗೂ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಎಳೆ ತೊಟ್ಟಿಗೆ. ಬಾಲಯೇಸುವಿಗೆ ಹಾಸಿಗೆ ಹೀಗೆ ಮೆತ್ತಗಾಗುತ್ತ ಹೋಗುತ್ತದೆ.

ಇದು ಕೆಡುವುದು ದೊಡ್ಡವರಿಂದಲೇ. ಇಬ್ಬರು ಮಕ್ಕಳಿಗೆ ಎರಡು ತೊಟ್ಟಿ ಇಟ್ಟರೆ ಮೂರನೇ ದಿನವೇ ಎಳೆ ಎಣಿಸುವ ಜಗಳ ಶುರು. ಇಡೀ ಮನೆಗೆ ಒಂದೇ ತೊಟ್ಟಿ, ಎಣಿಕೆ ಬೇಡವೇ ಬೇಡ. ಪರೀಕ್ಷೆಯ ಮಾರ್ಕಿಗೆ ಹುಲ್ಲು ಹಾಕಿಸಬೇಡಿ. ತಂಟೆ ಮಾಡಿದ್ದಕ್ಕೆ ಶಿಕ್ಷೆಯೆಂದು ಹಾಕಿದ ಎಳೆಯನ್ನು ತೆಗೆಸಲೇಬೇಡಿ, ಕೊಟ್ಟದ್ದು ಕೊಟ್ಟದ್ದೇ. ಅಪ್ಪ ಅಮ್ಮನೂ ಹಾಕಬೇಕು, ಮಕ್ಕಳು ಅದನ್ನು ನೋಡುತ್ತಲೇ ಇರುತ್ತಾರೆ. ಮೇಣದ ಬತ್ತಿಯ ತಟ್ಟೆ ಈ ಡಬ್ಬಿಯಿಂದ ಮೂರಡಿಯಾದರೂ ದೂರವಿರಲಿ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಹಸಿರು ಹುಲ್ಲಿಗೆ ರಾಗಿ ಬಿತ್ತುವುದು ಚೆಂದ. ಒಂದಡಿ ಉದ್ದಗಲದ ತಟ್ಟೆಗೆ ಒಂದು ಹಿಡಿ ರಾಗಿ ಸಾಕು. ರಾತ್ರಿ ನೆನೆಸಿ, ಎರಡು ಬೆರಳು ದಪ್ಪ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣುದುರಿಸಿ. ಕರಾವಳಿಯಲ್ಲಿ ಡಿಸೆಂಬರ್ 12ರ ಸುಮಾರಿಗೆ ಬಿತ್ತಿದರೆ ಹಬ್ಬಕ್ಕೆ ಸರಿಹೋಗುತ್ತದೆ. ಶಿರಸಿಯ ಚಳಿಗೆ ಮೂರು ದಿನ ಮುಂಚೆ ಬಿತ್ತಿ. ನೀರನ್ನು ಚಿಮುಕಿಸಬೇಕು, ಸುರಿದರೆ ಬಿಳಿ ಬೂಷ್ಟು. ಕತ್ತಲಲ್ಲಿಟ್ಟರೆ ಹಳದಿಯಾಗಿ ಉದ್ದ ಬೆಳೆದು ಮಲಗಿಬಿಡುತ್ತದೆ, ಜಗಲಿಯ ಬೆಳಕಿನಲ್ಲಿಡಿ. ಇರುವೆ ಕಾಳು ಹೊತ್ತುಕೊಂಡು ಹೋಗುವುದನ್ನು ತಡೆಯಲು ತಟ್ಟೆಯನ್ನು ನೀರು ತುಂಬಿದ ಇನ್ನೊಂದು ದೊಡ್ಡ ತಟ್ಟೆಯೊಳಗೆ ಕಲ್ಲಿನ ಮೇಲಿಡಿ. ಗೋದಲಿಯ ಮಾಡಿಗೆ ಅಡಿಕೆ ಹಾಳೆಗಿಂತ ಒಳ್ಳೆಯದು ಬೇರೆ ಇಲ್ಲ. ಪೇಟೆಯ ಥರ್ಮೋಕೋಲ್ ಯಾತಕ್ಕೆ?

ನಕ್ಷತ್ರಕ್ಕೆ ಎರಡಡಿಯ ಹತ್ತು ಬಿದಿರು ಕಡ್ಡಿ, ಆರಿಂಚಿನ ಐದು ತುಂಡು. ಐದೈದು ಕಡ್ಡಿಯಲ್ಲಿ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿದು, ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ ತುಂಡುಗಳನ್ನು ನಿಲ್ಲಿಸಿದರೆ ಹೊಟ್ಟೆ ಬರುತ್ತದೆ. ಹಸಿ ಬಿದಿರು ಒಣಗಿದಾಗ ಕುಗ್ಗಿ ದಾರ ಸಡಿಲುತ್ತದೆ, ಎರಡು ದಿನ ನೆರಳಲ್ಲಿ ಆರಿಸಿಯೇ ಕಟ್ಟಿ. ಸಿಬರನ್ನು ದೊಡ್ಡವರು ಹೆರೆದು ಕೊಡಿ. ಗಾಳಿಪಟದ ಕಾಗದ, ಮೈದಾ ಅಂಟು ಮಕ್ಕಳ ಪಾಲು. ಹಿಂದಿನ ನಡುಭಾಗವನ್ನು ಬಲ್ಬಿಗಾಗಿ ತೆರೆದಿಡಿ. 5 ವ್ಯಾಟಿನ ಎಲ್‌ಇಡಿ ಸಾಕು, ಹಳೇ ಬಲ್ಬಿನ ಬಿಸಿಗೆ ಕಾಗದ ಸುಡುತ್ತದೆ. ಕಡಲ ಕಡೆ ಮುಖ ಮಾಡಿದ ಮನೆಯವರು ಮಾಡಿನ ಅಂಚಿಗೆ ತೂಗುಬಿಡದೆ ಒಳಸರಿಸಿ ಕಟ್ಟಿ, ಮಧ್ಯಾಹ್ನದ ಗಾಳಿಗಿಂತ ರಾತ್ರಿಯ ಇಬ್ಬನಿಯೇ ಕಾಗದವನ್ನು ಹೆಚ್ಚು ಹಾಳುಮಾಡುತ್ತದೆ.

ಹಬ್ಬದ ತಿಂಡಿಗಳಾದ ಕುಸ್ವಾರದಲ್ಲಿ ಮಕ್ಕಳಿಗೆ ಹೇಳಿ ಮಾಡಿಸಿದ್ದು ಕಿಡಿಯೊ. ಅರ್ಧ ಕಿಲೋ ಮೈದಾ, ನಾಲ್ಕು ಚಮಚ ಸಕ್ಕರೆ ಪುಡಿ, ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಸಿ ತುಪ್ಪ ಬೆರೆಸಿ ತಿಕ್ಕಿ, ಸುಮಾರು 200 ಮಿಲಿ ದಪ್ಪ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಪೂರಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿಗಿಂತ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಹರಡಿ ಸುರುಳಿ ಸುತ್ತಬೇಕು. ಹಿಟ್ಟು ಸಡಿಲಾದರೆ ಗೀರು ಮೂಡದು. ಅಂಚು ಒತ್ತದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಕಪ್ಪಾಗುತ್ತದೆ. ಸಣ್ಣ ಉರಿ, ನಿಧಾನ. ಜೋರು ಉರಿಯಲ್ಲಿ ಕರಿದದ್ದು ಮರುದಿನ ಮೆತ್ತಗಾಗುತ್ತದೆ. 200 ಗ್ರಾಂ ಸಕ್ಕರೆಗೆ ಅರ್ಧ ಲೋಟಕ್ಕಿಂತ ಕಮ್ಮಿ ನೀರು, ಒಂದೆಳೆಗಿಂತ ಸ್ವಲ್ಪ ಮುಂದಿನ ಪಾಕ, ಉರಿ ಆರಿಸಿ ಕಿಡಿಯೊ ಹಾಕಿ ಬೆಳ್ಳಗಾಗುವ ತನಕ ಕೈಯಾಡಿಸಿ. ಎಣ್ಣೆ, ಪಾಕ ಎರಡರ ಹತ್ತಿರವೂ ಮಕ್ಕಳು ಬೇಡ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ.

ಈ ಅಳತೆಯಲ್ಲಿ ಮೊಟ್ಟೆ ಇಲ್ಲ, ಬೇಕೆಂದೇ ಬಿಟ್ಟದ್ದು. ದೀಪಾವಳಿಗೋ ಚೌತಿಗೋ ಕಜ್ಜಾಯ, ತೊಡದೇವು ಕಳಿಸಿದ ಮನೆಗೆ ಹೋಗುವ ತಟ್ಟೆ ಇದು. ಅವರು ಏನು ತಿನ್ನುವುದಿಲ್ಲ ಎಂಬುದನ್ನು ಹಿಟ್ಟು ಕಲಸುವಾಗಲೇ ಮಕ್ಕಳಿಗೆ ಹೇಳಿ. ಮೊಟ್ಟೆ ಹಾಕಿದ ಗುಲಾಬಿ ಹೂವೆಂಬ ತಿಂಡಿ, ಕೇಕು ಆ ತಟ್ಟೆಗೆ ಬೇಡ. ತಟ್ಟೆ ಒಯ್ಯುವುದು ಮಕ್ಕಳ ಕೆಲಸ, ಅದೂ ಮನೆಯಲ್ಲಿ ಯಾರೂ ರುಚಿ ನೋಡುವ ಮುಂಚೆ.

ನಡುರಾತ್ರಿ ಪೂಜೆಗೆ ಹೋಗುವುದಾದರೆ ಮಕ್ಕಳನ್ನು ಸಂಜೆ ಆರರಿಂದ ಎಂಟು ಮಲಗಿಸಿ, ಗಂಜಿಯೋ ಅಂಥದ್ದೇನೋ ಹಗುರವಾದದ್ದು ಕೊಡಿ. ಅಲ್ಲಿಯವರೆಗೆ ತೊಟ್ಟಿಯಲ್ಲಿ ಹುಲ್ಲು ಮಾತ್ರ ಇರಬೇಕು, ಬಾಲಯೇಸು ಬೇಡ, ನೆಂಟರು ಕೇಳಿದರೂ ಸರಿ. ಚರ್ಚಿನಿಂದ ಬಂದ ಮೇಲೆ ದೀಪ ಆರಿಸಿ, ಒಂದು ಬತ್ತಿಯ ಬೆಳಕಿನಲ್ಲಿ ಲೂಕ 2ರ 1ರಿಂದ 20ನೇ ವಚನ ಓದಿ, ಮಗುವಿನ ಕೈಯಿಂದ ಬಾಲಯೇಸುವನ್ನು ಆ ಹುಲ್ಲಿನ ಮೇಲೆ ಮಲಗಿಸಿ. ಕಾಣಿಕೆ ಪೊಟ್ಟಣ ಬಿಚ್ಚುವುದು ಬೆಳಿಗ್ಗೆ.

ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಬೊಂಬೆಗಳನ್ನು ಆ ರಾತ್ರಿಯೇ ಗೋದಲಿಗೆ ತರಬೇಡಿ. ಕಿಟಕಿಯ ಮೇಲಿಟ್ಟು ದಿನಕ್ಕೊಂದು ಗೇಣು ಮುಂದೆ ಸರಿಸಿದರೆ ಜನವರಿ 6ಕ್ಕೋ, ಚರ್ಚಿನಲ್ಲಿ ಜ್ಞಾನಿಗಳ ಹಬ್ಬ ಆಚರಿಸುವ ಭಾನುವಾರಕ್ಕೋ ಬಂದು ಸೇರುತ್ತಾರೆ. ಆ ದಿನ ಓದಲು ಮತ್ತಾಯ 2ರ 1ರಿಂದ 12.

ಆಮೇಲೆ ರಾಗಿ ಹುಲ್ಲು ದನಕ್ಕೆ. ಮಣ್ಣಿನ ಬೊಂಬೆಗಳನ್ನು ಒಂದೊಂದಾಗಿ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಒಣ ಉಮಿಯ ನಡುವೆ ಇಟ್ಟು ಅಟ್ಟಕ್ಕೇರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ನಮ್ಮ ಮಳೆಗಾಲದ ತೇವಕ್ಕೆ ಬಣ್ಣ ಸಿಪ್ಪೆಯೇಳುತ್ತದೆ. ಈ ಸಲ ಬಾಲಯೇಸುವನ್ನು ಮಲಗಿಸಿದ್ದು ಯಾರು ಎಂದು ಚೀಟಿ ಬರೆದು ಅದೇ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಬರುವ ವರ್ಷ ಇಬ್ಬರೂ ತಮ್ಮದೇ ಸರದಿ ಎನ್ನುತ್ತಾರೆ.