ಜಗ್ಗದೆ ಹಿಡಿದ ಕ್ಯಾಟ್‌ಫಿಶ್: ನನ್ನ ಅನುಭವ

ಕ್ಯಾಟ್‌ಫಿಶ್ ಎರೆ ಕಚ್ಚಿದಾಗ ರಾಡ್ ಜಗ್ಗಬಾರದು ಅಂತ ನಾನು ಹೇಳಿದಾಗೆಲ್ಲ ಜೊತೆಯ ಹಳಬರು ನಗುತ್ತಿದ್ದರು. "ಜಗ್ಗದೇ ಇದ್ರೆ ಮೀನು ತಾನಾಗೇ ಬಂದು ಬಲೆಗೆ ಬೀಳುತ್ತೇನಪ್ಪಾ?" ಅಂತ ಒಬ್ಬರು ಕೇಳಿದ್ದೂ ಉಂಟು. ಈಗ ಅವರ ಡಬ್ಬಿಯಲ್ಲೂ ಸರ್ಕಲ್ ಹುಕ್, ಅಂದರೆ ಜಗ್ಗದೆಯೇ ಮೀನು ಹಿಡಿಯುವ ದುಂಡನೆಯ ಗಾಳದ ಕೊಕ್ಕೆ, ಬಂದು ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ರಾಡು, ರೀಲು, ಗಂಟು ಹಾಕುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಶುರುವಿನಲ್ಲಿ ದುಡ್ಡು ಹೋದದ್ದೆಲ್ಲ ಹೊಳೆಯುವ ಲೂರ್‌ಗಳಿಗೆ, ಅಂದರೆ ಕೃತಕ ಎರೆಗಳಿಗೆ. ಬೇರೆ ಮೀನಿಗೆ ಅವು ಸರಿ, ಕ್ಯಾಟ್‌ಫಿಶ್ ಕತ್ತಲಲ್ಲಿ, ಕಲಕಿದ ನೀರಿನಲ್ಲಿ ವಾಸನೆ ಮತ್ತು ರುಚಿಯ ಮೇಲೆ ಮೇಯುವ ಮೀನು. ರುಚಿ ಹಿಡಿಯುವ ಮೊಗ್ಗುಗಳು ಅದರ ಮೀಸೆಯಲ್ಲಷ್ಟೇ ಅಲ್ಲ, ಮೈಚರ್ಮದ ಮೇಲೆಲ್ಲ ಇವೆ. ಲೂರ್‌ಗೆ ಸುರಿದ ದುಡ್ಡಿನಲ್ಲಿ ಆರಾಮಾಗಿ ಒಂದು ಒಳ್ಳೆ ರೀಲ್ ಬರುತ್ತಿತ್ತು. ಆಮೇಲೆ ನನಗೆ ಖರ್ಚಾದದ್ದು ಹುಕ್ಕಿಗೆ ಮತ್ತು ದಾರ ಮುಳುಗಿಸುವ ಸೀಸಕ್ಕೆ ಮಾತ್ರ, ಅದೂ ಚಿಲ್ಲರೆ ಲೆಕ್ಕ.

ಮಾಮೂಲಿ ಜೆ ಆಕಾರದ ಹುಕ್ಕು ಇನ್ನೊಂದು ಕಾಟ. ಮೀನು ಎರೆಯನ್ನು ಹೊಟ್ಟೆಯವರೆಗೆ ನುಂಗಿರುತ್ತದೆ. ನಾವು ಜಗ್ಗಿದರೆ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ವಾಪಸ್ ಬಿಟ್ಟರೂ ಅಂಥ ಮೀನು ಉಳಿಯುವುದು ಅನುಮಾನ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ, ಹುಕ್ಕಿನ ನೇರ ಕಾಲಿನ ಕಡೆಗೇ ತಿರುಗಿರುತ್ತದೆ. ಎರೆ ಬಾಯಿಗೆ ಹಾಕಿಕೊಂಡು ಮೀನು ಪಕ್ಕಕ್ಕೆ ತಿರುಗಿ ಹೊರಟಾಗ ದಾರ ಬಿಗಿಯಾಗುತ್ತದೆ, ಹುಕ್ಕು ಗಂಟಲಿಂದ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ತಾನೇ ತಿರುಗಿ ಕಚ್ಚಿಕೊಳ್ಳುತ್ತದೆ. ನಡುವೆ ನಾವು ಜಗ್ಗಿದೆವೋ, ಬಾಯಿಂದ ಸೀದಾ ಹೊರಗೆ ಬಂತು. ರಾಡಿನ ತುದಿ ಕುಟುಕಿದರೂ ಕೈ ಹಾಕಬೇಡಿ. ರಾಡ್ ಪೂರ್ತಿ ಬಾಗಿ ನಿಂತ ಮೇಲೆ ಎತ್ತಿಕೊಂಡು ಒಂದೇ ಸಮ ರೀಲ್ ಸುತ್ತಿ. ನಮ್ಮವರಿಗೆ ಕಷ್ಟವಾದದ್ದು ಇದೇ, ಕೈ ಸುಮ್ಮನಿರುವುದಿಲ್ಲ. ನಾನು ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎರಡು ಹೆಜ್ಜೆ ದೂರ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ.

ನನ್ನ ಕಟ್ಟು ಹೀಗಿದೆ: ದಾರದ ಮೇಲೆ ಜಾರುವ ಸೀಸ, ಸುಮಾರು 40 ಗ್ರಾಂ. ಕೆಳಗೆ ಒಂದು ಮಣಿ, ದಾರ ಹುರಿಗೊಳ್ಳದಂತೆ ತಿರುಗುವ ಸ್ವಿವೆಲ್, ಮೊಳದಷ್ಟು ಉದ್ದದ ದಪ್ಪ ನೈಲಾನ್ ಲೀಡರ್ (ಹುಕ್ಕಿಗೆ ಕಟ್ಟುವ ಕೊನೆಯ ದಾರ), 5/0 ಅಳತೆಯ ಹುಕ್ಕು. ಈ ಅಂಕಿ ಹೆಚ್ಚಿದಷ್ಟೂ ಹುಕ್ಕು ದೊಡ್ಡದು. ಒಂದೆರಡು ಕೆಜಿ ಮೀನಿಗೆ 3/0 ಕೂಡ ಸಾಕು. ಬಾರ್ಬನ್ನು, ಅಂದರೆ ಮೊನೆಯ ಹಿಂದಿನ ಪುಟ್ಟ ಮುಳ್ಳನ್ನು, ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಎಲ್ಲಕ್ಕಿಂತ ಮುಖ್ಯ, ಹುಕ್ಕಿನ ಬಾಯಿ, ಅಂದರೆ ಮೊನೆಗೂ ಕಾಲಿಗೂ ನಡುವಿನ ಜಾಗ, ಖಾಲಿ ಇರಬೇಕು. ಎರೆಯನ್ನು ಮುದ್ದೆಗಟ್ಟಿ ತುಂಬಿದರೆ ಮೊನೆಗೆ ಕಚ್ಚಲು ಜಾಗವೇ ಉಳಿಯುವುದಿಲ್ಲ. "ಸರ್ಕಲ್ ಹುಕ್ ಕೆಲಸ ಮಾಡಲ್ಲ" ಅಂದವರಲ್ಲಿ ಮುಕ್ಕಾಲು ಪಾಲು ಜನರದ್ದು ಇದೇ ಕಥೆ.

ಎರೆಯಲ್ಲಿ ಕೋಳಿ ಲಿವರ್ ಚೆನ್ನಾಗಿ ಎಳೆಯುತ್ತದೆ, ಆದರೆ ರಾಡ್ ಬೀಸಿದ ಕೂಡಲೇ ಹುಕ್ಕು ಒಂದು ಕಡೆ, ಲಿವರ್ ಒಂದು ಕಡೆ. ಎಲಾಸ್ಟಿಕ್ ದಾರದಲ್ಲಿ ಸುತ್ತಿ ಕಟ್ಟಿದ ಮೇಲೆ ಸ್ವಲ್ಪ ನಿಂತಿತು. ಲಿವರ್ ಗಟ್ಟಿಯಾಗಲು ಹಿಂದಿನ ರಾತ್ರಿ ಏನು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೆಳ್ಳುಳ್ಳಿ ನೀರಲ್ಲಿ ನೆನೆಸಿದ ಎರೆ ಒಂದು ರಾಡಿಗೆ, ಬರೀ ಎರೆ ಇನ್ನೊಂದಕ್ಕೆ ಹಾಕಿ ಪಕ್ಕಪಕ್ಕದಲ್ಲೇ ಇಟ್ಟು ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರೆಹುಳುವನ್ನು ಸಣ್ಣ ಮೀನುಗಳೇ ಕಿತ್ತು ಮುಗಿಸುತ್ತವೆ. ಕೊನೆಗೆ ಗೆದ್ದದ್ದು ಆಗತಾನೇ ಕೊಯ್ದ, ರಕ್ತ ಒಸರುವ ಮೀನಿನ ತುಂಡು. ಅದನ್ನೂ ಅರ್ಧ ಗಂಟೆಗೊಮ್ಮೆ ಬದಲಾಯಿಸಬೇಕು, ನೀರಿನಲ್ಲಿ ವಾಸನೆ ತೊಳೆದುಹೋಗುತ್ತದೆ. ಮಳೆ ಬಂದು ನೀರು ಕೆಂಪಾಗಿ ಏರುವಾಗ ಹಗಲಲ್ಲೂ ಕಚ್ಚುತ್ತವೆ, ಆ ದಿನಗಳನ್ನು ನಾನು ಬಿಡುವುದಿಲ್ಲ.

ಇನ್ನು ಕೈಯಲ್ಲಿ ಹಿಡಿಯುವುದು. ಮೀಸೆ ಚುಚ್ಚುತ್ತದೆ ಅಂತ ಹೆದರುವವರು ಬಹಳ. ಮೀಸೆ ಏನೂ ಮಾಡುವುದಿಲ್ಲ. ಹೆಚ್ಚಿನ ಜಾತಿಗಳಲ್ಲಿ ಅಪಾಯ ಇರುವುದು ಮೂರು ಮುಳ್ಳುಗಳಲ್ಲಿ, ಬೆನ್ನಿನ ರೆಕ್ಕೆಯ ಮುಂದೆ ಒಂದು, ಎದೆಯ ಎರಡು ರೆಕ್ಕೆಗಳ ಮುಂದೆ ಒಂದೊಂದು. ಗಾಬರಿಯಾದ ಕೂಡಲೇ ಮೀನು ಅವನ್ನು ನೆಟ್ಟಗೆ ಮಾಡಿ ಬೀಗ ಹಾಕಿದಂತೆ ನಿಲ್ಲಿಸುತ್ತದೆ, ಒತ್ತಿ ಮಡಚಲು ಆಗುವುದಿಲ್ಲ. ಎಷ್ಟೋ ಜಾತಿಗಳಲ್ಲಿ ಅಂಚಿಗೆ ಗರಗಸದ ಹಲ್ಲು, ಮೇಲಿನ ಚರ್ಮದಲ್ಲಿ ವಿಷ. ಎದೆಯ ಮುಳ್ಳನ್ನು ಕೀಲಿನಲ್ಲಿ ತಿಕ್ಕಿ ಕರಕರ ಸದ್ದು ಮಾಡುವುದು ಕೈಗೇ ತಿಳಿಯುತ್ತದೆ. ಚಿಕ್ಕ ಮೀನೇ ಹೆಚ್ಚು ಹುಷಾರು ಬೇಡುವುದು, ಅದರ ಮುಳ್ಳು ಸೂಜಿಯಷ್ಟು ಚೂಪು. ಚೇಳು ಮೀನು ಅನ್ನುವ ವಿಷದ ಮುಳ್ಳಿನ ಕ್ಯಾಟ್‌ಫಿಶ್ ಸಿಕ್ಕರೆ ನಾನು ಕೈಯೇ ಹಾಕುವುದಿಲ್ಲ, ನೀರಿನಲ್ಲಿ ಇಟ್ಟುಕೊಂಡೇ ಇಕ್ಕಳದಲ್ಲಿ ಹುಕ್ಕು ಬಿಡಿಸುತ್ತೇನೆ.

ಉಳಿದವಕ್ಕೆ ನನ್ನ ಹಿಡಿತ ಇದು. ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಬಟ್ಟೆ ಬೇಡ, ಮೈಮೇಲಿನ ಲೋಳೆ ಉಜ್ಜಿಹೋದರೆ ಮೀನಿಗೆ ಸೋಂಕು ತಗಲುತ್ತದೆ. ಹೊಟ್ಟೆಯ ಕೆಳಗಿಂದ ಅಂಗೈ ತಂದು, ಹೆಬ್ಬೆರಳು ಒಂದು ಎದೆಮುಳ್ಳಿನ ಬುಡದ ಹಿಂದೆ, ತೋರುಬೆರಳು ಇನ್ನೊಂದರ ಬುಡದ ಹಿಂದೆ ಕೂರಿಸಿ ಮುಂದಕ್ಕೆ ಒತ್ತಿ ಹಿಡಿಯುವುದು. ಮುಳ್ಳು ನೆಟ್ಟಗೆ ನಿಂತಷ್ಟೂ ನಮಗೇ ಹಿಡಿ ಗಟ್ಟಿ. ಮೂರು ಕೆಜಿ ದಾಟಿದರೆ ಕೈಗವಸು ಹಾಕಿ ಕೆಳದವಡೆ ಹಿಡಿದು, ಇನ್ನೊಂದು ಕೈ ಹೊಟ್ಟೆಗೆ ಕೊಡುತ್ತೇನೆ. ಹೆಚ್ಚಿನವಕ್ಕೆ ಹಲ್ಲು ಸ್ಯಾಂಡ್‌ಪೇಪರ್‌ನಷ್ಟೇ, ಆದರೆ ಬಾಳೆ ಮೀನು ಅನ್ನುವ ಕ್ಯಾಟ್‌ಫಿಶ್ ಜಾತಿಯ ಬಾಯಿಗೆ ಬೆರಳು ಹಾಕಬೇಡಿ, ಅದರ ಹಲ್ಲು ನಿಜಕ್ಕೂ ಚೂಪು.

ಒಮ್ಮೆ ಮಾತ್ರ ಬಲೆಯಿಂದ ಬಿಡಿಸುವಾಗ ಒಂದು ಮರಿ ಕೊಸರಾಡಿ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಮೊಣಕೈವರೆಗೂ ಸೆಳೆತ. ಗಾಯ ತೊಳೆದು ಬಿಸಿನೀರಿನಲ್ಲಿ ಕೈ ಅದ್ದಿದೆ, ಸುಮಾರು 45 ಡಿಗ್ರಿ, ಸುಡದಷ್ಟು. ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿಯೇ ಅದ್ದಬೇಕು, ಚುಚ್ಚಿಸಿಕೊಂಡ ಕೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಆ ವಿಷ ಶಾಖಕ್ಕೆ ಕೆಡುವಂಥದ್ದು, ಗಂಟೆಯೊಳಗೆ ನೋವು ಇಳಿಯಿತು. ಅಂದಿನಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಇಲ್ಲದೆ ಹೊರಡುವುದಿಲ್ಲ. ಮುಳ್ಳು ಒಳಗೇ ಮುರಿದಿದ್ದರೆ, ಊತ ಏರುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಸೀದಾ ಆಸ್ಪತ್ರೆಗೆ ಹೋಗಿ. ಟೆಟನಸ್ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತು ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಈಗ 8/0 ಹುಕ್ಕಿಗೆ ಇಡೀ ಚಿಕ್ಕ ಮೀನನ್ನೇ ಕಟ್ಟಿ ದೊಡ್ಡವಕ್ಕೆ ಕಾಯುತ್ತಿದ್ದೇನೆ. ಮೀನಿನ ತಲೆ ಯಾವ ಕಡೆ ಇರಬೇಕು ಅನ್ನುವುದು ಇನ್ನೂ ಪ್ರಯೋಗದಲ್ಲೇ ಇದೆ, ಗಟ್ಟಿಯಾದ ಮೇಲೆ ಬರೆಯುತ್ತೇನೆ.