ಮದುವೆ ಫೋಟೊದಲ್ಲಿ ಕಲೆಯೂ ಇರಲಿ, ಅಜ್ಜಿಯೂ ಇರಲಿ

ಹೊಸದಾಗಿ ಮದುವೆ ಫೋಟೊ ತೆಗೆಯಲು ಇಳಿದವರು ಬೇಗನೆ ಕೇಳುವ ಮಾತೊಂದಿದೆ: ‘ಎಲ್ಲಾ ಚೆನ್ನಾಗಿದೆ, ಆದ್ರೆ ಮುಖ ಸರಿಯಾಗಿ ಕಾಣ್ತಿಲ್ಲ.’ ಕಿಟಕಿಯ ಬೆಳಕಿಗೆ ತಿರುಗಿ ನಿಂತ ಹುಡುಗಿ, ಮುಖದ ಅರ್ಧ ನೆರಳು, ಹಿಂದೆಲ್ಲ ಮಸುಕು. ನಿಮಗೆ ಅದು ಆ ದಿನದ ಒಳ್ಳೆಯ ಚಿತ್ರ. ಹುಡುಗಿಯ ಅಮ್ಮನಿಗೆ ಬೇಕಿದ್ದುದು ಸೀರೆಯ ಅಂಚು, ಸೊಂಟದ ಡಾಬು, ಅಡಿಯಿಂದ ಮುಡಿಯವರೆಗೆ ಕಾಣುವ ಮಗಳು. ಎರಡೂ ನ್ಯಾಯವೇ, ಎರಡನ್ನೂ ಕೊಡಬಹುದು. ಆದರೆ ಆ ಕೆಲಸ ಅಡ್ವಾನ್ಸ್ ಪಡೆಯುವ ಮೊದಲೇ ಶುರುವಾಗಬೇಕು.

ಮೊದಲು ಇಡೀ ಆಲ್ಬಮ್ ತೋರಿಸಿ

ಇನ್‌ಸ್ಟಾಗ್ರಾಮ್‌ನಲ್ಲಿ ಇರುವುದು ಆಯ್ದ ಚಿತ್ರಗಳು. ಅವನ್ನಷ್ಟೇ ನೋಡಿ ಬುಕ್ ಮಾಡಿದವರು ಪ್ರತಿ ಚಿತ್ರವೂ ಹಾಗೇ ಬರುತ್ತದೆ ಅಂದುಕೊಳ್ಳುತ್ತಾರೆ. ಒಂದೇ ಮದುವೆಯ ಆಲ್ಬಮ್ಮನ್ನು, ಆ ಮನೆಯವರ ಒಪ್ಪಿಗೆ ಪಡೆದು, ಮೊದಲ ಹಾಳೆಯಿಂದ ಕೊನೆಯವರೆಗೆ ತೋರಿಸಿ. ಟ್ಯೂಬ್‌ಲೈಟಿನ ಸಾಧಾರಣ ಛತ್ರದ ಮದುವೆಯಾದರೆ ಇನ್ನೂ ಒಳ್ಳೆಯದು.

ಮಾತುಕತೆಗೆ ಅಪ್ಪ ಅಮ್ಮನನ್ನೂ ಕೂರಿಸಿ. ಮದುಮಕ್ಕಳಿಗೆ ಕ್ಯಾಂಡಿಡ್, ಅಂದರೆ ಪೋಸ್ ಕೊಡದ ಸಹಜ ಚಿತ್ರ ಬೇಕು, ದುಡ್ಡು ಕೊಡುವ ಅಪ್ಪನಿಗೆ ನೆಂಟರೆಲ್ಲ ಫೋಟೊದಲ್ಲಿ ಇರಬೇಕು. ಇಬ್ಬರ ಮಾತೂ ಒಟ್ಟಿಗೇ ನಿಮ್ಮ ಕಿವಿಗೆ ಬೀಳಲಿ. ಇಷ್ಟವಾದ ಮೂರು ಚಿತ್ರ, ಇಷ್ಟವಾಗದ ಒಂದು ಚಿತ್ರ ಕಳಿಸಲು ಹೇಳಿ. ಇಷ್ಟವಾಗದ್ದರಿಂದಲೇ ಜಾಸ್ತಿ ಗೊತ್ತಾಗುತ್ತದೆ. ಕೊನೆಗೆ ಕೇಳಿ: ‘ಯಾರ ಫೋಟೊ ಬಿಟ್ಟುಹೋದ್ರೆ ನಿಮಗೆ ಬೇಜಾರಾಗುತ್ತೆ?’ ಊರಿಂದ ಬರುವ ಅಜ್ಜಿ, ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವ, ಎಲ್ಲರ ಹೆಸರೂ ಬರೆದುಕೊಳ್ಳಿ. ಎಡಿಟ್ ಮಾಡಿದ ಚಿತ್ರ ಎಷ್ಟು, ಆಲ್ಬಮ್ ಹಾಳೆ ಎಷ್ಟು, ಯಾವಾಗ ಕೊಡುತ್ತೀರಿ, ತಿದ್ದುಪಡಿ ಎಷ್ಟು ಸಲ ಎಂಬುದು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ.

ಅರ್ಧ ಗಂಟೆ ಕೇಳಿ ಪಡೆಯಿರಿ

ಛತ್ರದಲ್ಲಿ ಪೋರ್ಟ್ರೇಟ್‌ಗೆ ಸಮಯ ತಾನಾಗಿ ಸಿಗುವುದಿಲ್ಲ. ಆರತಕ್ಷತೆಯ ಸಾಲು ಶುರುವಾದರೆ ಮುಗಿಯಿತು. ವೇದಿಕೆ ಹತ್ತುವ ಮೊದಲು ಅರ್ಧ ಗಂಟೆ ಬೇಕೆಂದು ಮನೆಯವರಿಗೂ ಮೇಕಪ್‌ನವರಿಗೂ ಮುಂಚೆಯೇ ಹೇಳಿ.

ಮೊದಲ ಐದು ನಿಮಿಷ ಮನೆಯವರದು. ಕ್ಯಾಮೆರಾ ನೋಡುತ್ತಾ ನಗುವ ಪೂರ್ತಿ ಚಿತ್ರ, ಸೊಂಟದವರೆಗಿನದು, ಒಡವೆ ಮತ್ತು ಮೆಹಂದಿ ಕಾಣುವಂಥದ್ದು. ಉಳಿದ ಸಮಯ ನಿಮ್ಮದು. ನೆರಳು, ಕಿಟಕಿ, ಕನ್ನಡಿ, ಏನು ಬೇಕೋ ಮಾಡಿ. ಈ ಕ್ರಮ ಮಾತ್ರ ತಲೆಕೆಳಗಾಗಬಾರದು. ಬೇಕಾದ್ದು ಸಿಕ್ಕಾಯಿತು ಅಂತ ಗೊತ್ತಾದರೆ ಪ್ರಯೋಗಕ್ಕೆ ಧೈರ್ಯ ಬರುತ್ತದೆ. ಅಷ್ಟರಲ್ಲಿ ಮದುಮಕ್ಕಳ ಬಿಗಿಯೂ ಸಡಿಲವಾಗಿರುತ್ತದೆ.

ಮಸುಕು ಹಿನ್ನೆಲೆಯ ಮೋಹದ ಬಗ್ಗೆ ಒಂದು ಮಾತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದುಕೊಳ್ಳುತ್ತದೆ, ಹಿನ್ನೆಲೆ ಹೆಚ್ಚು ಮಸುಕಾಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು 2 ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಅಷ್ಟೇ. ಒಬ್ಬರೇ ಇದ್ದರೆ ಚೆಂದ. ಜೋಡಿಯಲ್ಲಿ ಒಬ್ಬರು ಸ್ವಲ್ಪ ಹಿಂದಿದ್ದರೂ ಅವರ ಮುಖ ಮಸುಕು. ಜೋಡಿಗೆ ಎಫ್ 4 ಇಟ್ಟು, ಎರಡೂ ಮುಖ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವಂತೆ ನಿಲ್ಲಿಸಿ. ಗ್ರೂಪ್ ಫೋಟೊಗೆ ತೀರಾ ವೈಡ್ ಲೆನ್ಸ್ ಬೇಡ. ಅಂಚಿನಲ್ಲಿ ನಿಂತವರು ಸುಮ್ನೆ ದಪ್ಪಗೆ ಕಾಣುತ್ತಾರೆ.

ಧಾರೆಯ ಹೊತ್ತು

ಇಲ್ಲಿ ಪ್ರಯೋಗ ಬೇಡವೇ ಬೇಡ. ಅಂತರಪಟ ಸರಿಯುವುದು, ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯ, ಯಾವುದೂ ನಿಮಗಾಗಿ ಇನ್ನೊಂದು ಸಲ ನಡೆಯುವುದಿಲ್ಲ. ಒಂದೊಂದು ಮನೆತನದ ಕ್ರಮ ಒಂದೊಂದು ರೀತಿ. ಬೆಳಿಗ್ಗೆಯೇ ಪುರೋಹಿತರನ್ನು ಕೇಳಿಕೊಳ್ಳಿ. ಗಟ್ಟಿಮೇಳ ಶುರುವಾದ ಕೂಡಲೇ ಎಲ್ಲರೂ ಎದ್ದು ಅಕ್ಷತೆ ಹಾಕುತ್ತಾರೆ. ದೂರದಲ್ಲಿ ಉದ್ದ ಲೆನ್ಸ್ ಹಿಡಿದು ನಿಂತವರಿಗೆ ಬರೀ ಕೈಗಳು ಕಾಣುತ್ತವೆ. ಹತ್ತಿರದಿಂದಲೂ ಅಗಲವಾಗಿ ಹಿಡಿಯುವ 35 ಎಂಎಂ ಲೆನ್ಸ್ ಹಾಕಿ ಮಂಟಪದ ಬದಿಗೆ ಹೋಗಿ. ಯಾರು ಯಾವ ಕಡೆ ಎಂದು ವಿಡಿಯೊದವರ ಜೊತೆ ಮೊದಲೇ ಮಾತಾಡಿ. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಾಕುವ ಸೌಲಭ್ಯವಿದ್ದರೆ ಎರಡರಲ್ಲೂ ಫೋಟೊ ಉಳಿಯುವಂತೆ ಹೊಂದಿಸಿ.

ಮುಖ್ಯ ಚಿತ್ರ ಬಂದ ತಕ್ಷಣ ಮದುಮಕ್ಕಳಿಂದ ಕಣ್ಣು ತೆಗೆಯಿರಿ. ಧಾರೆ ಎರೆದು ಮುಗಿಸಿದ ಅಪ್ಪನ ಮುಖ ನೋಡಿ, ಸೆರಗಿನ ತುದಿ ಕಣ್ಣಿಗೊತ್ತಿದ ಅಮ್ಮನನ್ನು ನೋಡಿ. ನಿಮ್ಮೊಳಗಿನ ಕಲಾವಿದನಿಗೆ ಮದುವೆಯಲ್ಲಿ ಇದಕ್ಕಿಂತ ದೊಡ್ಡ ಅವಕಾಶ ಇಲ್ಲ, ಮತ್ತು ಇದನ್ನು ಬೇಡ ಅನ್ನುವ ಮನೆಯವರೂ ಇಲ್ಲ.

ಬಣ್ಣ ನಿಜವಾಗಿರಲಿ

ಛತ್ರದಲ್ಲಿ ಹಳದಿ ಬಲ್ಬು, ಬಿಳಿ ಎಲ್‌ಇಡಿ, ವೇದಿಕೆಯ ನೇರಳೆ ದೀಪ ಎಲ್ಲಾ ಒಟ್ಟಿಗೆ ಉರಿಯುತ್ತವೆ. ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಹಾಗೇ ಉಳಿಯುವ ರಾ (RAW) ಫೈಲಿನಲ್ಲೇ ತೆಗೆಯಿರಿ, ಆಮೇಲೆ ಸರಿಮಾಡಲು ಸುಲಭ. ಒಂದೇ ಫಿಲ್ಟರನ್ನು ಎಲ್ಲಕ್ಕೂ ಹಾಕಿದರೆ ಅರಿಶಿನ ಕಂದಾಗಿ, ಕೆಂಪು ಸೀರೆ ಕಿತ್ತಳೆಯಾಗಿಬಿಡಬಹುದು. ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಆರಿಸಿದ ಬಣ್ಣ ಅದು. ನಿಮ್ಮ ಬಣ್ಣದ ಶೈಲಿ ಕೆಲವು ಪೋರ್ಟ್ರೇಟ್‌ಗಳಲ್ಲಿ ಮಾತ್ರ ಇರಲಿ. ಕಪ್ಪು ಬಿಳುಪು ಮಾಡಿದ ಚಿತ್ರದ ಬಣ್ಣದ ಪ್ರತಿಯನ್ನೂ ಕೊಡಿ.

‘ಸ್ವಲ್ಪ ಬೆಳ್ಳಗೆ ಮಾಡಿ’ ಅನ್ನುವವರು ಇರುತ್ತಾರೆ. ಇದಕ್ಕೆ ಮಾತ್ರ ಒಪ್ಪಬೇಡಿ. ಮೊಡವೆ ತೆಗೆಯೋಣ, ಕತ್ತಲಾದ ಮುಖಕ್ಕೆ ಬೆಳಕು ಹೆಚ್ಚಿಸೋಣ. ಮೈಬಣ್ಣ ಬದಲಿಸಿದರೆ ಅದು ಆ ಹುಡುಗಿಯ ಚಿತ್ರವೇ ಅಲ್ಲ. ಮೊದಲ ಭೇಟಿಯಲ್ಲೇ ಮೆಲ್ಲಗೆ ತಿಳಿಸಿಬಿಡಿ.

ಆಯ್ಕೆಗೆ ಸಾವಿರಾರು ಫೋಟೊ ಕೊಟ್ಟರೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತವೆ. ನೀವೇ ಸೋಸಿ ಕೊಡಿ. ನಿಮಗೆ ತುಂಬಾ ಇಷ್ಟವಾದ ಐದಾರು ಚಿತ್ರಗಳನ್ನು ಗುರುತು ಮಾಡಿ, ಯಾಕೆ ಇಷ್ಟ ಎಂದು ಒಂದೊಂದು ಸಾಲು ಬರೆಯಿರಿ. ಆಲ್ಬಮ್ ಡಿಸೈನನ್ನು ಪಿಡಿಎಫ್‌ನಲ್ಲಿ ಕಳಿಸಿ. ಹೆಸರುಗಳ ಕಾಗುಣಿತ ಸೇರಿ ಎಲ್ಲಾ ಹಾಳೆಗೂ ಮನೆಯವರು ಒಪ್ಪಿದ ಮೇಲಷ್ಟೇ ಪ್ರಿಂಟ್‌ಗೆ ಕೊಡಿ.