‘ಲೆವೆಲ್’ ಅಂದರೆ ಯಾವ ಲೆವೆಲ್? ನನ್ನ ಅನುಭವ

ಕಟ್ಟಡದ ಡ್ರಾಯಿಂಗ್‌ನಲ್ಲಿ ‘ಬಾಗಿಲ ಎತ್ತರ 2100’ (ಮಿ.ಮೀ.) ಎಂದಿದ್ದರೆ ಆರ್ಕಿಟೆಕ್ಟ್ ಅದನ್ನು ಟೈಲ್ಸ್ ಮೇಲಿಂದ ಎಣಿಸುತ್ತಾರೆ. ಲಿಂಟಲ್‌ಗೆ, ಅಂದರೆ ಬಾಗಿಲ ಮೇಲಿನ ಕಾಂಕ್ರೀಟ್ ತೊಲೆಗೆ, ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಕಟ್ಟುವವರು ಟೇಪನ್ನು ಬರಿಯ ಸ್ಲ್ಯಾಬ್ ಮೇಲೆ ಇಡುತ್ತಾರೆ. ಅವರು ಬರುವ ಹೊತ್ತಿಗೆ ಅಲ್ಲಿ ಟೈಲ್ಸ್ ಇರುವುದೇ ಇಲ್ಲವಲ್ಲ. ಫ್ಲೋರಿಂಗ್ 50 ಮಿ.ಮೀ. ಆದರೆ ಬಾಗಿಲಿಗೆ ಉಳಿಯುವುದು 2050. ಇಬ್ಬರೂ ಸರಿಯಾಗಿಯೇ ಓದಿದ್ದಾರೆ. ಎಲ್ಲಿಂದ ಅಳೆಯಬೇಕೆಂದು ಡ್ರಾಯಿಂಗ್ ಹೇಳಿಲ್ಲ.

ಹಾಗಾಗಿ ‘ಲೆವೆಲ್’ ಎಂಬ ಪದವನ್ನು ನಾನು ಒಂಟಿಯಾಗಿ ಬರೆಯುವುದಿಲ್ಲ. ಒಂದೋ ಸ್ಲ್ಯಾಬ್ ಲೆವೆಲ್ (ಬರಿಯ ಕಾಂಕ್ರೀಟ್ ನೆಲ), ಇಲ್ಲವೇ ಫಿನಿಶ್ ಲೆವೆಲ್ (ಟೈಲ್ಸ್ ಹಾಕಿದ ನಂತರದ ನೆಲ). ಎರಡರ ನಡುವಿನ 50ರಲ್ಲಿ ಟೈಲ್ 10, ಗಾರೆ 40 ಎಂಬುದೂ ಅದೇ ಹಾಳೆಯಲ್ಲಿರುತ್ತದೆ. ಸೈಟಿನಲ್ಲಿ ಫಿನಿಶ್ ಲೆವೆಲ್‌ನಿಂದ 1000 ಮಿ.ಮೀ. ಮೇಲೆ ಪ್ರತಿ ಕಾಲಮ್ಮಿಗೂ ಗೆರೆ ಹಾಕಿಸುತ್ತೇನೆ, ಎಲ್ಲರೂ ಅಳೆಯಬೇಕಾದ್ದು ಅದರಿಂದಲೇ. ಈ ಗೆರೆಯನ್ನು ಒಂದೇ ಗುರುತಿನಿಂದ ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಪಾರದರ್ಶಕ ಕೊಳವೆ) ಸಾಗಿಸಬೇಕು. ಪ್ರತಿ ಕಾಲಮ್ಮಿನ ಬುಡದಿಂದ 1050 ಅಳೆದರೆ ಸ್ಲ್ಯಾಬಿನ ಏರುತಗ್ಗೆಲ್ಲ ಗೆರೆಗೂ ಬರುತ್ತದೆ.

ಮೆಟ್ಟಿಲಲ್ಲಿ ಇದೇ ಗೊಂದಲ ಅಪಾಯಕ್ಕೆ ತಿರುಗುತ್ತದೆ. ‘ರೈಸರ್ 150’ (ಒಂದು ಮೆಟ್ಟಿಲಿನ ಎತ್ತರ) ಎಂದು ಕಂಡರೆ ಕಾಂಕ್ರೀಟಿನಲ್ಲೇ ಎಲ್ಲವನ್ನೂ 150 ಮಾಡಿಬಿಡುತ್ತಾರೆ. ಆಮೇಲೆ ಕೆಳಗಿನ ಮತ್ತು ಮೇಲಿನ ನೆಲಕ್ಕೆ 50, ಮೆಟ್ಟಿಲಿಗೆ 20 ಮಿ.ಮೀ. ಫಿನಿಶ್ ಬಂದಾಗ ಮೊದಲ ಮೆಟ್ಟಿಲು 120ಕ್ಕೆ ಇಳಿದು, ಕೊನೆಯದು 180ಕ್ಕೆ ಏರುತ್ತದೆ. ಕಾಲು ನಡುವಿನ ಮೆಟ್ಟಿಲುಗಳ ಲೆಕ್ಕಕ್ಕೆ ಒಗ್ಗಿರುವುದರಿಂದ ಎಡವುವುದು ಈ ಎರಡು ಕಡೆಯೇ. ಕಾಂಕ್ರೀಟಿನಲ್ಲಿ ಮೊದಲನೆಯದು 180, ಕೊನೆಯದು 120, ನಡುವಿನವು 150 ಇದ್ದರೆ ಫಿನಿಶ್ ಆದ ಮೇಲೆ ಎಲ್ಲವೂ 150ಕ್ಕೆ ಬರುತ್ತವೆ. ಈ ಮೂರು ಅಂಕಿಗಳನ್ನು ಬೇರೆಯಾಗಿ ಬರೆದುಕೊಡಲೇಬೇಕು. ಯಾರೂ ತಾವಾಗಿ ಊಹಿಸಲಾರರು.

‘ಕವರ್ 25’ ಇನ್ನೊಂದು. ಕವರ್ ಅಂದರೆ ಕಂಬಿಯ ಮೇಲೆ ಇರಬೇಕಾದ ಕಾಂಕ್ರೀಟಿನ ದಪ್ಪ. ಡಿಸೈನಿನಲ್ಲಿ ಅದು ರಿಂಗಿನ (ಮೇನ್ ರಾಡ್‌ಗಳನ್ನು ಸುತ್ತುವ ತೆಳು ಕಂಬಿ) ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗೆ. ಕಂಬಿ ಕಟ್ಟುವವರು ಮೇನ್ ರಾಡಿಗೆ 25 ಎಂದುಕೊಂಡರೆ, 8 ಮಿ.ಮೀ. ರಿಂಗಿಗೆ ಸಿಗುವುದು 17 ಮಾತ್ರ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಕವರ್ ಬ್ಲಾಕ್ (ಆ ಅಂತರ ಉಳಿಸಲು ಇಡುವ ತುಂಡು) ರಿಂಗಿನ ಕೆಳಗೇ ಕೂತಿದೆಯೇ ಎಂದು ಬಗ್ಗಿ ನೋಡದೆ ಕಾಂಕ್ರೀಟಿಗೆ ಒಪ್ಪಿಗೆ ಕೊಡುವುದಿಲ್ಲ.

ಕೋಣೆಯ ಅಗಲ ಪ್ಲಾಸ್ಟರಿಗೆ ಮುಂಚಿನದೋ ನಂತರದ್ದೋ ಎಂಬುದನ್ನೂ ಬರೆಯುತ್ತೇನೆ. ಎರಡು ಬದಿ 12 ಅಂದರೂ ವಾರ್ಡ್‌ರೋಬ್ ಮಾಡುವವರಿಗೆ 24 ಮಿ.ಮೀ. ಕಡಿಮೆಯಾಗುತ್ತದೆ. ತ್ರೀಡಿ ಮಾಡೆಲ್ ಬಂದರೂ ಇದು ತಪ್ಪುವುದಿಲ್ಲ. ಒಬ್ಬರ ‘ಗೋಡೆ’ಯಲ್ಲಿ ಪ್ಲಾಸ್ಟರ್ ಸೇರಿದ್ದು, ಇನ್ನೊಬ್ಬರು ಅದನ್ನು ಬೇರೆ ಪದರವಾಗಿ ಹಾಕಿದರೆ ಪ್ಲಾಸ್ಟರ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಉತ್ತರ ಯಾವಾಗಲೂ ‘ಹ್ಞೂಂ’. ‘ಮೇಸ್ತ್ರಿ, ಲಿಂಟಲ್ ತಳ ಎಲ್ಲಿ ಬರುತ್ತೆ, ಗುರುತು ಹಾಕಿ ತೋರಿಸಿ’ ಎನ್ನುತ್ತೇನೆ. ಸ್ಲ್ಯಾಬಿನಿಂದ 2150ಕ್ಕೆ ಗುರುತು ಬಿದ್ದರೆ ಮಾತ್ರ ಮುಂದಿನ ಕೆಲಸ. ಡ್ರಾಯಿಂಗ್ ಬದಲಾದ ದಿನ ಹಳೆಯ ಗೆರೆಯನ್ನು ಪೂರ್ತಿ ಅಳಿಸಿಯೇ ಹೊಸದನ್ನು ಎಳೆಸಬೇಕು. ಒಂದು ಕಾಲಮ್ಮಿನಲ್ಲಿ ಎರಡು ಗೆರೆ ಉಳಿದರೆ ಎಲೆಕ್ಟ್ರಿಷಿಯನ್ ಒಂದರಿಂದ ಸ್ವಿಚ್ ಬಾಕ್ಸ್ ಅಳೆಯುತ್ತಾರೆ, ಪ್ಲಂಬರ್ ಇನ್ನೊಂದರಿಂದ ನಲ್ಲಿ.